ಚಕ್ಕುಲಿ ಒರಳಿಗೂ ಒಂದು ಕತೆ

ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ, ನೆಂಟರಿಷ್ಟರು ಯಾರೇ ಬರಲಿ, ಸಿಂಗಪುರದ ಪ್ರತಿ ಕನ್ನಡ ಮನೆಯಲ್ಲೂ ಒಂದು ಪಟ್ಟಿ ಸಿದ್ಧವಾಗಿರುತ್ತದೆ. ಮೊದಲ ದಿನ ಮೆರ್‌ಲಯನ್, ಎರಡನೆಯ ದಿನ ಸೆಂತೋಸ, ಆಮೇಲೆ ನೈಟ್ ಸಫಾರಿ, ಬಟಾನಿಕ್ ಗಾರ್ಡನ್, ಕೊನೆಗೆ ಮುಸ್ತಫಾದಲ್ಲಿ ಸೂಟ್‌ಕೇಸಿನ ತೂಕ ಮೀರುವಷ್ಟು ಖರೀದಿ! ಮೊದಲು ಜುರಾಂಗಿನ ಪಕ್ಷಿಧಾಮವೂ ಪಟ್ಟಿಯಲ್ಲಿತ್ತು. 2023ರಲ್ಲಿ ಹಕ್ಕಿಗಳು ಮಂಡಾಯಿಗೆ ಗುಳೆ ಹೋದವು, ಈಗ ನಾವೂ ಅತಿಥಿಗಳನ್ನು ಕರೆದುಕೊಂಡು ಅವುಗಳ ಹಿಂದೆಯೇ ಹೋಗುತ್ತೇವೆ.

2017ರಲ್ಲಿ ನಮ್ಮ ಅತ್ತೆ-ಮಾವ ಬಂದಿದ್ದಾಗ ಈ ಪಟ್ಟಿ ಒಂದೇ ವಾರದಲ್ಲಿ ಮುಗಿದುಹೋಯಿತು. ಮಾವ ಮೇಷ್ಟರಾಗಿದ್ದವರು, ಪ್ರಶ್ನೆ ಕೇಳುವುದು ಅವರ ಹುಟ್ಟುಗುಣ. "ಕಟ್ಟಡ ನೋಡಿದ್ದಾಯ್ತು, ಹಕ್ಕಿ ನೋಡಿದ್ದಾಯ್ತು. ಈ ಊರಿನ ಜನ ಹೇಗೆ ಬದುಕಿದರು ಅಂತ ತೋರಿಸೋ ಜಾಗ ಯಾವುದಾದರೂ ಇದೆಯೇನಮ್ಮಾ?" ಎಂದು ಕೇಳಿದರು. ಮಾರನೆಯ ದಿನ ಅವರಿಬ್ಬರನ್ನೂ ಚೈನಾಟೌನಿನ ಪಗೋಡ ಸ್ಟ್ರೀಟಿಗೆ ಕರೆದುಕೊಂಡು ಹೋದೆ.

ಆ ಬೀದಿಗೆ ‘ಪಗೋಡ’ ಎಂಬ ಹೆಸರು ಬಂದದ್ದು ಯಾವುದೋ ಚೀನೀ ದೇಗುಲದಿಂದಲ್ಲ. ಬೀದಿಯ ಮೂಲೆಯಲ್ಲಿರುವ ನಮ್ಮ ಶ್ರೀ ಮಾರಿಯಮ್ಮನ್ ಗುಡಿಯ ಗೋಪುರದಿಂದ! ರ‍್ಯಾಫಲ್ಸ್ ಜೊತೆ 1819ರಲ್ಲಿ ಪಿನಾಂಗಿನಿಂದ ಬಂದ ನಾರಾಯಣ ಪಿಳ್ಳೆಯವರು 1827ರಲ್ಲಿ ಶುರುಮಾಡಿದ ಗುಡಿ ಅದು. ಅದೇ ಬೀದಿಯ ಮೂರು ಹಳೆಯ ಅಂಗಡಿಮನೆಗಳನ್ನು ಸೇರಿಸಿ 2002ರಲ್ಲಿ ಚೈನಾಟೌನ್ ಹೆರಿಟೇಜ್ ಸೆಂಟರ್ ತೆರೆದರು. ಕೆಳಗೆ ದರ್ಜಿಯ ಅಂಗಡಿ. ಕಡಿದಾದ ಮರದ ಮೆಟ್ಟಿಲು ಹತ್ತಿದರೆ ಹಲಗೆಯ ಗೋಡೆಗಳಿಂದ ಬೇರೆಯಾದ ಗೂಡಿನಂಥ ಕೋಣೆಗಳು. ಒಂದು ಚಾಪೆ ಹಾಸಿದರೆ ನಿಲ್ಲಲು ಜಾಗವಿಲ್ಲ, ಅದರಲ್ಲೇ ಒಂದು ಸಂಸಾರ. ಒಂದು ಕೋಣೆ ಸಂಸುಯಿ ಹೆಂಗಸರದು. ಚೀನಾದ ಸಂಸುಯಿ ಪ್ರದೇಶದಿಂದ ಬಂದು, ತಲೆಗೆ ಕೆಂಪು ಬಟ್ಟೆ ಕಟ್ಟಿ, ಇಟ್ಟಿಗೆ-ಮಣ್ಣು ಹೊತ್ತು ಈ ಊರಿನ ಕಟ್ಟಡಗಳನ್ನು ಎಬ್ಬಿಸಿದವರು ಅವರು. ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ, ಬಕೆಟ್ಟಿನ ಪಾಯಿಖಾನೆ.

ಅತ್ತೆ ಆ ಅಡುಗೆಮನೆಯ ಮುಂದೆ ತುಂಬ ಹೊತ್ತು ನಿಂತರು. ಸಾಲಾಗಿಟ್ಟ ಒಲೆ, ಮಸಿ ಹಿಡಿದ ಪಾತ್ರೆ, ಗೋಡೆಗೆ ತೂಗುಹಾಕಿದ ಡಬ್ಬಿ. "ಅಯ್ಯೋ, ಇದು ನಾನು ಮದುವೆಯಾಗಿ ಬಂದಾಗ ನಾವಿದ್ದ ಚಾಮರಾಜಪೇಟೆಯ ವಠಾರ ಕಣೇ! ಎಂಟು ಮನೆಗೆ ಒಂದು ನಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಕೊಡ ಇಟ್ಟು ಬರಬೇಕಿತ್ತು" ಎಂದು ಶುರುಮಾಡಿದವರು ಹೊರಗೆ ಬಂದ ಮೇಲೂ ನಿಲ್ಲಿಸಲಿಲ್ಲ. ಆ ನಲ್ಲಿಯ ಜಗಳ, ಗೋಡೆಯಾಚೆಯ ಮನೆಯವರ ಒಗ್ಗರಣೆಯ ವಾಸನೆ, ಯಾರದೋ ಬಾಣಂತನಕ್ಕೆ ಇಡೀ ವಠಾರ ನೀರು ಕಾಯಿಸಿದ್ದು... ಮದುವೆಯಾಗಿ ಅಷ್ಟು ವರ್ಷವಾದರೂ ನಾನು ಒಂದು ದಿನವೂ ಕೇಳಿರದ ಕತೆಗಳು! ಅವನ್ನು ಹೊರಗೆ ತಂದದ್ದು ಚೀನೀ ಅಜ್ಜಿಯೊಬ್ಬಳ ಮಸಿಪಾತ್ರೆ.

ಅಂಥ ಶಕ್ತಿ ಆ ಮನೆಗೆ ಬಂದದ್ದು ಅಲ್ಲಿರುವ ವಸ್ತುಗಳ ಬೆಲೆಯಿಂದ ಅಲ್ಲ. ಬೆಲೆ ಕಟ್ಟಿದರೆ ಎಲ್ಲವೂ ಗುಜರಿ. ಅಂಥ ಕೋಣೆಗಳಲ್ಲಿ ಬಾಳಿದ್ದವರನ್ನು ಹುಡುಕಿ, ಕೂರಿಸಿಕೊಂಡು, ಅವರ ನೆನಪಿನ ಆಧಾರದಲ್ಲಿ ಕೋಣೆಗಳನ್ನು ಮತ್ತೆ ಕಟ್ಟಿದ್ದರಿಂದ ಬಂದದ್ದು. ಚಾಪೆ ಎಲ್ಲಿತ್ತು, ಮಗು ಎಲ್ಲಿ ಮಲಗುತ್ತಿತ್ತು ಎನ್ನುವುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಅಲ್ಲಿ ಮಲಗಿದ್ದವರೇ ಹೇಳಬೇಕು.

ಇದರಲ್ಲಿ ಒಂದು ವ್ಯಂಗ್ಯವೂ ಇದೆ. ಆ ಜನರೆಲ್ಲ ಒಬ್ಬೊಬ್ಬರಾಗಿ ಎಚ್‌ಡಿಬಿ ಫ್ಲಾಟುಗಳಿಗೆ ಹೋದರು. ಬೀದಿಬದಿಯ ವ್ಯಾಪಾರಿಗಳನ್ನು 1983ರಲ್ಲಿ ಹತ್ತಿರದ ಮಾರುಕಟ್ಟೆ ಕಟ್ಟಡಕ್ಕೆ ಸಾಗಿಸಿದರು. ಜನ ಖಾಲಿಯಾದ ಮೇಲೆ ಅವರ ಬದುಕನ್ನು ನೋಡಲು ಪ್ರವಾಸಿಗಳು ಬರತೊಡಗಿದರು! ಮನೆಗೇ ನಲ್ಲಿ, ಮನೆಗೇ ಪಾಯಿಖಾನೆ ಸಿಕ್ಕಿತೆಂದು ಸಂತೋಷಪಟ್ಟವರೂ ಅವರೇ, ಹಳೆಯ ಬೀದಿಯ ಗದ್ದಲ ಹೋಯಿತೆಂದು ಮರುಗಿದವರೂ ಅವರೇ. ಎರಡೂ ನಿಜ. ಕತೆಗಳನ್ನು ಸಮಯಕ್ಕೆ ಸರಿಯಾಗಿ ಕೇಳಿಟ್ಟುಕೊಂಡದ್ದರಿಂದ ಎರಡೂ ಉಳಿದವು.

ಈ ಕೇಳಿಟ್ಟುಕೊಳ್ಳುವ ಕೆಲಸವನ್ನು ಸಿಂಗಪುರ ಬಹಳ ಹಿಂದೆಯೇ ಶುರುಮಾಡಿತ್ತು. ಇಲ್ಲಿನ ಸರಕಾರ 1979ರಲ್ಲೇ ಮೌಖಿಕ ಇತಿಹಾಸಕ್ಕೆಂದು ಒಂದು ವಿಭಾಗ ತೆರೆಯಿತು. ದೇಶ ಹುಟ್ಟಿ ಆಗಿನ್ನೂ 14 ವರ್ಷ! ಮೊದಮೊದಲು ರಾಜಕಾರಣಿಗಳನ್ನೂ ದೊಡ್ಡ ವ್ಯಾಪಾರಿಗಳನ್ನೂ ಮಾತನಾಡಿಸಿದರು. ಬರಬರುತ್ತ ಜಪಾನೀಯರ ಆಳ್ವಿಕೆಯ ದಿನಗಳನ್ನು ಕಂಡವರು, ಬೀದಿಬದಿಯ ತಿಂಡಿ ಮಾರುವವರು, ಅಳಿದುಹೋಗುತ್ತಿರುವ ಕಸುಬಿನವರು ಎಲ್ಲರೂ ಬಂದು ಕುಳಿತು ಮಾತನಾಡಿದರು. ಸುಮಾರು ಅರ್ಧ ಗಂಟೆಯ ತುಂಡುಗಳಾಗಿ ಕಾಪಿಟ್ಟ ಆ ದನಿಗಳಲ್ಲಿ ಅನೇಕವನ್ನು ಇಂದು ಯಾರು ಬೇಕಾದರೂ ಮನೆಯಲ್ಲೇ ಕುಳಿತು ಕೇಳಬಹುದು. ಚೀನೀ ಆಡುಮಾತುಗಳು, ಮಲಯ್, ತಮಿಳು, ಇಂಗ್ಲಿಷ್ ಎಲ್ಲವೂ ಇವೆ. 2011ರಲ್ಲಿ ಇಲ್ಲಿನ ರಾಷ್ಟ್ರೀಯ ಗ್ರಂಥಾಲಯ ಮಂಡಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೇಶಕ್ಕೆ 50 ತುಂಬುವ 2015ರೊಳಗೆ ಜನರಿಂದ 50 ಲಕ್ಷ ನೆನಪುಗಳನ್ನು ಸಂಗ್ರಹಿಸುವ ಗುರಿ ಇಟ್ಟುಕೊಂಡು ‘ಸಿಂಗಪುರ್ ಮೆಮೊರಿ ಪ್ರಾಜೆಕ್ಟ್’ ಆರಂಭಿಸಿತು. ಈ ಊರು ತನ್ನ ಜನರ ಮಾತನ್ನೇ ಚರಿತ್ರೆ ಮಾಡಿಕೊಂಡಿತು ಅನ್ನಿ.

ಹಾಗೆಂದು ಇದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ರಾಮನಗರದ ಬಳಿ ಕಾಮತ್ ಲೋಕರುಚಿಯಲ್ಲಿ ತಟ್ಟೆ ಇಡ್ಲಿಗೋ ಜೋಳದ ರೊಟ್ಟಿಗೋ ನಿಲ್ಲಿಸಿದ್ದೀರಿ ತಾನೆ? ಅದರ ಪಕ್ಕದಲ್ಲೇ ಇರುವುದು ಜಾನಪದ ಲೋಕ. ಎಚ್. ಎಲ್. ನಾಗೇಗೌಡರು (1915-2005) ಐ.ಎ.ಎಸ್. ಅಧಿಕಾರಿಯಾಗಿದ್ದವರು. ಹಳ್ಳಿಹಳ್ಳಿ ಸುತ್ತಿ, ಹಾಡುವವರನ್ನೂ ಕತೆ ಹೇಳುವವರನ್ನೂ ಹುಡುಕಿ, ಅವರ ದನಿಯನ್ನು ಧ್ವನಿಮುದ್ರಿಸಿಕೊಂಡರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ನೋಡಿ, ಸಿಂಗಪುರದ ಮೌಖಿಕ ಇತಿಹಾಸ ವಿಭಾಗ ಹುಟ್ಟಿದ್ದೂ ಅದೇ ವರ್ಷ! ಮುಂದೆ 15 ಎಕರೆಯಲ್ಲಿ ಜಾನಪದ ಲೋಕ ಎದ್ದಿತು. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಬೀಸುವ ಕಲ್ಲು, ಮಡಕೆ, ಒನಕೆಗಳನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಎಂಬ ಬ್ಯಾಂಕ್ ನೌಕರರು ಒಡೆದು ಹೋಗಲಿದ್ದ ಹಳೆಯ ಮನೆಗಳನ್ನು ತೊಲೆ, ಕಂಬ, ಬಾಗಿಲು ಸಮೇತ ಬಿಚ್ಚಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ಜೋಡಿಸಿದರು. ಒಬ್ಬರು ದನಿ ಉಳಿಸಿದರು, ಇನ್ನೊಬ್ಬರು ಸೂರು ಉಳಿಸಿದರು. ಇಂದು ಎರಡಕ್ಕೂ ಜನ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ.

ಹಾಗಾದರೆ ಸಿಂಗಪುರದಲ್ಲಿ ಭಾರತೀಯರ ಕತೆ ಎಲ್ಲಿದೆ? ಲಿಟ್ಲ್ ಇಂಡಿಯಾದ ಕ್ಯಾಂಪ್‌ಬೆಲ್ ಲೇನಿನಲ್ಲಿ 2015ರ ಮೇ 7ರಂದು ಆಗಿನ ಪ್ರಧಾನಿ ಲೀ ಸಿಯೆನ್ ಲೂಂಗ್ ಅವರು ಉದ್ಘಾಟಿಸಿದ ಇಂಡಿಯನ್ ಹೆರಿಟೇಜ್ ಸೆಂಟರ್ ಇದೆಯಲ್ಲ! ನಾಲ್ಕು ಅಂತಸ್ತಿನ ಕಟ್ಟಡ, ಮುಖ ಉತ್ತರ ಭಾರತದ ಮೆಟ್ಟಿಲುಬಾವಿಯ ಮಾದರಿಯದು. ರಾತ್ರಿ ದೀಪ ಹಾಕಿದಾಗ ಒಳಗಿನ ಗೋಡೆಯ ಚಿತ್ರಗಳು ಗಾಜಿನ ಹಿಂದಿನಿಂದ ಹೊಳೆಯುತ್ತವೆ. ಅದಕ್ಕಾಗಿ ಇಲ್ಲಿನ ಭಾರತೀಯ ಕುಟುಂಬಗಳು ತಮ್ಮ ಬೀರು, ಪೆಟ್ಟಿಗೆಗಳನ್ನು ತೆರೆದು ಅಜ್ಜ-ಅಜ್ಜಿಯರ ವಸ್ತುಗಳನ್ನು ಕೊಟ್ಟರು, ಕೆಲವರು ಎರವಲು ಕೊಟ್ಟರು. ಸಿಪಾಯಿಗಳು, ಸೇಂಟ್ ಆಂಡ್ರೂಸ್ ಇಗರ್ಜಿ ಕಟ್ಟಿದ ಭಾರತೀಯ ಕೈದಿಗಳು, ಚೆಟ್ಟಿಯಾರರು, ಸಿಖ್ಖರು, ನೇತಾಜಿಯವರ ಸೈನ್ಯ ಸೇರಿದವರು ಎಲ್ಲರ ಚರಿತ್ರೆಗೂ ಅದು ಮನೆ.

ಒಂದು ಶನಿವಾರ ಸಂಜೆ ಸ್ನೇಹಿತರ ಮನೆಯ ಊಟದಲ್ಲಿ ನಾನು ಈ ವಿಷಯ ಎತ್ತಿದೆ. ಅಲ್ಲಿಗೆ ನಾವು ಕನ್ನಡದವರು ಏನು ಕೊಡಬಹುದು? ಬಿಸಿಬೇಳೆಬಾತಿಗೆ ತುಪ್ಪ ಹಾಕಿಕೊಳ್ಳುತ್ತಿದ್ದ ಒಬ್ಬರು ನಕ್ಕರು. "ನಮ್ಮದೇನಿದೆ ಮೇಡಂ? ನಾವೇನು ಹಡಗಿನಲ್ಲಿ ಬಂದವರಾ? ಎಂಪ್ಲಾಯ್‌ಮೆಂಟ್ ಪಾಸು, ಎರಡು ಸೂಟ್‌ಕೇಸು, ವಿಮಾನ. ಇದರಲ್ಲಿ ಚರಿತ್ರೆ ಎಲ್ಲಿಂದ ಬರಬೇಕು?" ಹಲವರು ತಲೆಯಾಡಿಸಿದರು.

ಮಾತು ತಮಾಷೆಯದೇ. ಆದರೂ ನನಗೆ ಅದು ಸರಿ ಅನ್ನಿಸಲಿಲ್ಲ. ಯಾಕೆ ಹೇಳುತ್ತೇನೆ ಕೇಳಿ.

ಇಲ್ಲಿನ ಶಾಲೆಗಳಲ್ಲಿ ಭಾರತೀಯ ಮಕ್ಕಳು ಮಾತೃಭಾಷೆಯಾಗಿ ತಮಿಳು ತೆಗೆದುಕೊಳ್ಳಬಹುದು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಈ ಪಟ್ಟಿಯಲ್ಲಿ ಕನ್ನಡವಿಲ್ಲ. ಹಾಗಾಗಿ ನಮ್ಮ ಮಕ್ಕಳು ಸಾಮಾನ್ಯವಾಗಿ ಹಿಂದಿಯನ್ನೋ ತಮಿಳನ್ನೋ ಓದುತ್ತಾರೆ. ಶಾಲೆಯ ಕಾಗದದಲ್ಲಿ ಅದೇ ಅವರ ‘ಮಾತೃಭಾಷೆ’! ನಾನು ದೂರು ಹೇಳುತ್ತಿಲ್ಲ, ಚಿಕ್ಕ ದೇಶದಲ್ಲಿ ಎಲ್ಲ ಭಾಷೆಗೂ ತರಗತಿ ತೆರೆಯುವುದು ಕಷ್ಟ. ಆದರೆ ಇನ್ನು ಐವತ್ತು ವರ್ಷ ಬಿಟ್ಟು ಯಾರೋ ಒಬ್ಬಳು ಹುಡುಗಿ ಸಿಂಗಪುರದ ಹಳೆಯ ಶಾಲಾ ದಾಖಲೆಗಳನ್ನು ತಿರುವಿದರೆ ಅವಳಿಗೆ ನಾವು ಸಿಗುತ್ತೇವೆಯೇ? ಕನ್ನಡದ ಮನೆಗಳು ಇಲ್ಲಿದ್ದವು ಎನ್ನುವುದು ಶಾಲೆಯ ಕಡತದಿಂದ ಗೊತ್ತಾಗುವುದಿಲ್ಲ. ನಾವು ಬಾಯಿಬಿಟ್ಟು ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ಸೂಟ್‌ಕೇಸಿನಲ್ಲಿ ಚರಿತ್ರೆ ಇಲ್ಲ ಅನ್ನುವುದೂ ಸುಳ್ಳು. 1999ರಲ್ಲಿ ನಾನು ಬಂದಾಗ ಅಮ್ಮ ಹಿತ್ತಾಳೆಯ ಚಕ್ಕುಲಿ ಒರಳನ್ನು ಸೀರೆಯಲ್ಲಿ ಸುತ್ತಿ ನನ್ನ ಪೆಟ್ಟಿಗೆಯಲ್ಲಿಟ್ಟಿದ್ದರು. ಚಾಂಗಿ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದ ಚೀನೀ ಅಧಿಕಾರಿಣಿಗೆ ಆ ಭಾರದ ಕೊಳವೆ ಏನೆಂದೇ ತಿಳಿಯಲಿಲ್ಲ. ನನ್ನ ಆಗಿನ ಇಂಗ್ಲಿಷಿನಲ್ಲಿ ಚಕ್ಕುಲಿಗೆ ಪದವಿಲ್ಲ! ಎರಡು ಕೈಯಲ್ಲಿ ಗಾಳಿಯಲ್ಲೇ ಒತ್ತಿ, ಸುತ್ತಿ ತೋರಿಸಿದೆ. ಪಕ್ಕದ ಮೇಜಿನಲ್ಲಿದ್ದ ತಮಿಳು ಅಧಿಕಾರಿ ತಲೆಯೆತ್ತಿ "ಮುರುಕ್ಕು!" ಎಂದರು. ಆಕೆಯ ಮುಖ ಅರಳಿತು. ಸಿಂಗಪುರದಲ್ಲಿ ಮುರುಕ್ಕು ತಿನ್ನದವರು ಯಾರು? ನಗುತ್ತ ಪೆಟ್ಟಿಗೆ ಮುಚ್ಚಿ ಕಳಿಸಿದರು.

ಅಂದಿನಿಂದ ಪ್ರತಿ ದೀಪಾವಳಿಗೂ ಆ ಒರಳಿನ ಚಕ್ಕುಲಿ ನಮ್ಮ ಕಾರಿಡಾರಿನ ಎಲ್ಲ ಮನೆಗಳಿಗೂ ಹೋಗುತ್ತದೆ. ಪಕ್ಕದ ಮಲಯ್ ಆಂಟಿ ತಟ್ಟೆಯನ್ನು ಒಮ್ಮೆಯೂ ಬರಿದಾಗಿ ಹಿಂದಿರುಗಿಸಿದವರಲ್ಲ. ಹರಿ ರಾಯ ಬಂದರೆ ಅವರ ಅನಾನಸ್ ಟಾರ್ಟು ನಮ್ಮ ಮನೆಗೆ. ಒಂದೊಂದು ಬ್ಲಾಕಿನಲ್ಲೂ ಎಲ್ಲ ಜನಾಂಗದವರು ಬೆರೆತಿರಬೇಕೆಂದು 1989ರಲ್ಲಿ ಸರಕಾರ ಎಚ್‌ಡಿಬಿ ಮನೆಗಳಿಗೆ ಜನಾಂಗವಾರು ಮಿತಿ ತಂದಿತು ಎನ್ನುವುದು ಪುಸ್ತಕದಲ್ಲಿರುವ ಸಂಗತಿ. ಆ ನಿಯಮ ನಮ್ಮ ಕಾರಿಡಾರಿನಲ್ಲಿ ಹೇಗೆ ಬಾಳಿತು ಎನ್ನುವುದನ್ನು ಹೇಳಲು ಚಕ್ಕುಲಿಯ ತಟ್ಟೆಯೇ ಬೇಕು. ಅದು ಬರೀ ಕನ್ನಡದ ಕತೆಯಲ್ಲ, ಸಿಂಗಪುರದ ಕತೆ.

ಅಂದು ಊಟದ ಮನೆಯಲ್ಲಿ ನಾನು ಒರಳಿನ ಕತೆ ಹೇಳಿದ್ದೇ ತಡ, ಒಬ್ಬೊಬ್ಬರ ಬಾಯೂ ತೆರೆಯಿತು. ಕಾಲಿಂಗ್ ಕಾರ್ಡಿನ ಹಿಂಬದಿಯನ್ನು ನಾಣ್ಯದಿಂದ ಕೆರೆದು, ಊರಿಗೆ ಫೋನು ಹಚ್ಚಿ, "ಚೆನ್ನಾಗಿದ್ದೀನಿ" ಅನ್ನುವಷ್ಟರಲ್ಲಿ ನಿಮಿಷ ಮುಗಿಯುತ್ತಿದ್ದುದು. ಟೆಕ್ಕಾ ಮಾರುಕಟ್ಟೆಯಲ್ಲಿ ತಮಿಳು ಬಾರದೆ ಕರಿಬೇವಿಗೆ ಕೈಸನ್ನೆ ಮಾಡಿದ್ದು. 2003ರಲ್ಲಿ ಸಾರ್ಸ್ ಬಂದಾಗ ಮಕ್ಕಳಿಗೆ ಶಾಲೆಯಲ್ಲಿ ದಿನವೂ ಜ್ವರ ನೋಡಲು ಥರ್ಮಾಮೀಟರ್ ಕೊಟ್ಟದ್ದು. ಡಿಪೆಂಡೆಂಟ್ ಪಾಸಿನಲ್ಲಿ ಬಂದು, ಊರಲ್ಲಿ ಬಿಟ್ಟ ಲೆಕ್ಚರರ್ ಕೆಲಸವನ್ನು ನೆನೆದು ಮಧ್ಯಾಹ್ನಗಳನ್ನು ಅತ್ತು ಕಳೆದದ್ದು. ಹೌದು, ಅದೂ ಚರಿತ್ರೆಯೇ. "ನಮ್ಮದೇನಿದೆ" ಅಂದವರೇ ರಾತ್ರಿ ಹನ್ನೊಂದಾದರೂ ಏಳಲಿಲ್ಲ!

ಎಲ್ಲರೂ ಹೊರಟ ಮೇಲೆ ಪಾತ್ರೆ ಎತ್ತಿಡುತ್ತಿದ್ದಾಗ ನನ್ನ ಗೆಳತಿಯೊಬ್ಬಳು ಮೆಲ್ಲಗೆ ತನ್ನ ಕತೆ ಹೇಳಿದಳು. 2020ರ ಏಪ್ರಿಲ್. ಇಲ್ಲಿ ಸರ್ಕ್ಯೂಟ್ ಬ್ರೇಕರ್, ಅಲ್ಲಿ ಲಾಕ್‌ಡೌನ್, ಆಕಾಶದಲ್ಲಿ ವಿಮಾನವೇ ಇಲ್ಲ. ದಾವಣಗೆರೆಯಲ್ಲಿ ಅವಳ ಅಪ್ಪ ತೀರಿಕೊಂಡರು. ಅಂತ್ಯಕ್ರಿಯೆಯನ್ನು ಅವಳು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ನೋಡಿದಳು. ತಮ್ಮನ ಕೈ ನಡುಗಿ ಚಿತ್ರ ಅಲುಗಾಡುತ್ತಿತ್ತು, ಮಧ್ಯದಲ್ಲಿ ಒಮ್ಮೆ ನಿಂತೂ ಹೋಯಿತು. ಯಾರೂ ಮನೆಗೆ ಬರುವಂತಿಲ್ಲ, ತಬ್ಬಿಕೊಂಡು ಅಳಲು ಒಂದು ಹೆಗಲಿಲ್ಲ.

ಸಂಜೆ ನೋಡಿದರೆ ಬಾಗಿಲ ಹೊರಗಿನ ಕಬ್ಬಿಣದ ಗೇಟಿಗೆ ಒಂದು ಬಿಳಿಯ ಲಕೋಟೆ ಸಿಕ್ಕಿಸಿತ್ತು. ಒಳಗೆ ಸ್ವಲ್ಪ ಹಣ. ಎದುರು ಮನೆಯ ಚೀನೀ ಅಜ್ಜಿ ಇಟ್ಟದ್ದು. ಇವಳಿಗೆ ಏನೆಂದು ತಿಳಿಯದೆ ಮೊದಲು ಮನಸ್ಸಿಗೆ ಕಸಿವಿಸಿಯಾಯಿತು, ದುಡ್ಡು ಯಾಕೆ ಕೊಟ್ಟರು ಎಂದು. ಆಮೇಲೆ ಆಫೀಸಿನ ಸಹೋದ್ಯೋಗಿ ತಿಳಿಸಿ ಹೇಳಿದರು: ಸಾವಿನ ಮನೆಗೆ ಬಿಳಿ ಲಕೋಟೆಯಲ್ಲಿ ಹಣವಿಟ್ಟು ಕೊಡುವುದು ಚೀನೀಯರ ಪದ್ಧತಿ, ಅದನ್ನು ‘ಪೆಕ್ ಕಿಮ್’ ಎನ್ನುತ್ತಾರೆ. ಕೆಂಪು ಲಕೋಟೆ ಹಬ್ಬಕ್ಕೆ, ಬಿಳಿಯದು ದುಃಖಕ್ಕೆ. ಅಜ್ಜಿ ತನ್ನ ಪದ್ಧತಿಯಂತೆ ಇವಳ ಅಪ್ಪನ ಸಾವಿಗೆ ಬಂದು ಹೋಗಿದ್ದರು. "ಅವತ್ತು ನನ್ನ ಮನೆಗೆ ಬಂದವರು ಅವರೊಬ್ಬರೇ. ಆ ಹಣ ಖರ್ಚು ಮಾಡಲು ಮನಸ್ಸೇ ಬರಲಿಲ್ಲ, ದೇವರ ಮನೆಯ ಡ್ರಾಯರಿನಲ್ಲಿ ಹಾಗೇ ಇದೆ" ಎಂದಳು.

ನಾನು ಎಷ್ಟೋ ಮ್ಯೂಸಿಯಂ ನೋಡಿದ್ದೇನೆ. ಆ ಲಕೋಟೆಗಿಂತ ದೊಡ್ಡ ವಸ್ತು ಯಾವುದರಲ್ಲೂ ಕಂಡ ನೆನಪಿಲ್ಲ.

"ಇದನ್ನು ದಾಖಲೆ ಮಾಡೋಣವೇ?" ಎಂದು ಕೇಳಿದೆ. ಅವಳು ಕೂಡಲೇ ಬೇಡ ಎಂದಳು. "ಟೂರಿಸ್ಟುಗಳು ಬಂದು ಫೋಟೋ ಹೊಡ್ಕೊಂಡು ಹೋಗೋಕೆ ನಮ್ಮಪ್ಪನ ಸಾವಾ?" ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕತೆ ಸಂಗ್ರಹಿಸುವವರೆಲ್ಲ ಮೊದಲು ಯೋಚಿಸಬೇಕಾದ ಮಾತು ಅದು. ನೋವನ್ನು ನೋಟಕ್ಕಿಡುವ ಹಕ್ಕು ಯಾರಿಗೂ ಇಲ್ಲ, ನೊಂದವರಿಗೆ ಬಿಟ್ಟು. ಇಲ್ಲಿನ ಮೌಖಿಕ ಇತಿಹಾಸದ ಸಂಗ್ರಹದಲ್ಲೂ ಕೆಲವು ಸಂದರ್ಶನಗಳನ್ನು ಕೇಳಲು ಅನುಮತಿ ಬೇಕು. ಹೇಳಿದವರ ಷರತ್ತಿಗೆ ಅಲ್ಲಿ ಬೆಲೆಯಿದೆ. ಹದಿನೈದು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. "ಲಕೋಟೆ ಕೊಡಲ್ಲ ಕಣೇ, ಕತೆ ಹೇಳ್ತೀನಿ. ಅಪ್ಪನ ಕತೆ ಬೇಡ, ಅಜ್ಜಿಯ ಕತೆ. ನಮ್ಮಿಬ್ಬರ ಹೆಸರೂ ಬೇಡ." ಇಲ್ಲಿ ನಾನು ಬರೆದಿರುವುದು ಅವಳು ಓದಿ, ತಿದ್ದಿ, ಒಪ್ಪಿದ್ದು.

ಈಗ ನಿಮ್ಮೆಲ್ಲರಲ್ಲಿ ನನ್ನದೊಂದು ಕೋರಿಕೆ. ನಮ್ಮ ಕತೆಗಳನ್ನು ನಾವೇ ಸಂಗ್ರಹಿಸಲು ಶುರುಮಾಡೋಣ. ಮೊದಲು ನಮ್ಮನಮ್ಮಲ್ಲಿ, ಆಮೇಲೆ ಹೆರಿಟೇಜ್ ಸೆಂಟರಿನವರ ಮುಂದಿಡುವಷ್ಟು ಸೇರಿದಾಗ ಅಲ್ಲಿಗೆ. ದೊಡ್ಡ ಸಲಕರಣೆ ಬೇಡ, ಕೈಯಲ್ಲಿರುವ ಫೋನು ಸಾಕು. ನಾನು ಹತ್ತಾರು ಜನರನ್ನು ಮಾತನಾಡಿಸಿ ಕಲಿತ ಕೆಲವು ಸಣ್ಣ ಸಂಗತಿಗಳನ್ನು ಹೇಳುತ್ತೇನೆ.

ಮಾತು ಶುರುವಾಗುವ ಮುಂಚೆ ಫ್ಯಾನ್ ಆರಿಸಿ. ಸೆಕೆಯಾದರೂ ಸರಿ, ಇಲ್ಲದಿದ್ದರೆ ದನಿಯ ಬದಲು ಗಾಳಿಯೇ ಕೇಳಿಸುತ್ತದೆ! "ಸಿಂಗಪುರ ಇಷ್ಟವಾಯಿತೇ?" ಎಂದು ಕೇಳಿದರೆ "ಹೂಂ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. "ಮೊದಲ ದಿನ ಏನು ಅಡುಗೆ ಮಾಡಿದಿರಿ? ಅಕ್ಕಿ ಎಲ್ಲಿ ತಂದಿರಿ?" ಎಂದು ಕೇಳಿ, ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಧಾರವಾಡದವರು ಧಾರವಾಡದ ಮಾತಿನಲ್ಲೇ ಹೇಳಲಿ, ಮಂಗಳೂರಿನವರು ತಮ್ಮ ಕನ್ನಡದಲ್ಲೇ ಹೇಳಲಿ, ತಿದ್ದಬೇಡಿ. ಸುಮ್ಮನಾದರೆ ತುಸು ಹೊತ್ತು ನೀವೂ ಸುಮ್ಮನಿರಿ, ಒಳ್ಳೆಯ ಮಾತು ಆ ಮೌನದ ಹಿಂದೆಯೇ ಬರುತ್ತದೆ. ಹಳೆಯ ಫೋಟೋಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆದಿಡಿ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ. ಧ್ವನಿಯ ಪ್ರತಿಯನ್ನು ಎರಡು ಕಡೆ ಇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹೇಳಿದವರಿಗೆ ಮತ್ತೊಮ್ಮೆ ಕೇಳಿಸಿ "ಇದರಲ್ಲಿ ಏನು ಬಿಡಬೇಕು?" ಎಂದು ಕೇಳಿ.

ಸಾಧ್ಯವಾದರೆ ಈ ಪ್ರಶ್ನೆಗಳನ್ನು ಮಕ್ಕಳ ಕೈಯಲ್ಲಿ ಕೇಳಿಸಿ. ನಮ್ಮ ಮಗಳು ತನ್ನ ಅರೆಬರೆ ಕನ್ನಡದಲ್ಲಿ ಅತ್ತೆಯವರನ್ನು ವಠಾರದ ಬಗ್ಗೆ ಕೇಳಿದಾಗ "ಅಜ್ಜಿ, ವಠಾರ ಅಂದ್ರೆ ಕಾಂಡೋನಾ?" ಎಂದಳು. ಅತ್ತೆ ನಕ್ಕು ನಕ್ಕು ಸುಸ್ತಾದರು. ಆಮೇಲೆ ಮುಕ್ಕಾಲು ಗಂಟೆ ವಿವರಿಸಿದರು. ಮೊಮ್ಮಗಳಿಗೆ ಅಂದು ಹತ್ತಾರು ಹೊಸ ಕನ್ನಡ ಪದಗಳು ಬಂದವು, ನನಗೆ ಒಂದು ಧ್ವನಿಮುದ್ರಿಕೆ ಉಳಿಯಿತು. ಅತ್ತೆ ಈಗ ನಮ್ಮೊಂದಿಗಿಲ್ಲ. ಆ ನಗು ಇದೆ.

ನಮ್ಮಲ್ಲಿ ಅನೇಕರು ಮನೆ ಬದಲಾಯಿಸುತ್ತೇವೆ, ಕೆಲವರು ಊರಿಗೆ ಮರಳುತ್ತಾರೆ, ಇನ್ನು ಕೆಲವರು ಆಸ್ಟ್ರೇಲಿಯಾಕ್ಕೋ ಅಮೆರಿಕಕ್ಕೋ ಹೊರಡುತ್ತಾರೆ. ಪ್ರತಿ ಸಲವೂ ಕೆಳಗೆ ಹಾರ್ನ್ ಒತ್ತುತ್ತ ಬರುವ ಕರುಂಗುನಿ ಅಣ್ಣನ ಗಾಡಿಗೆ ಹಳೆಯ ಪೇಪರಿನ ಜೊತೆ ಏನೇನೋ ಸೇರಿ ಹೋಗುತ್ತವೆ. ಮೊದಲ ಬಾಡಿಗೆ ಪತ್ರ, ಅಪ್ಪನ ಏರೋಗ್ರಾಂ, ಸಂಘದ ಹಳೆಯ ನಾಟಕದ ಕರಪತ್ರ. ಕಿಲೋಗೆ ಕೆಲವು ಸೆಂಟು ಸಿಗಬಹುದು. ಕೊಡುವ ಮುಂಚೆ ಒಮ್ಮೆ ಕಟ್ಟು ಬಿಚ್ಚಿ ನೋಡಿ, ಅಷ್ಟೇ ನನ್ನ ವಿನಂತಿ.

ಈ ಹಬ್ಬಕ್ಕೆ ಮನೆಗೆ ಬಂದವರಿಗೆ ಚಕ್ಕುಲಿ ಕೊಟ್ಟು, "ನೀವು ಸಿಂಗಪುರಕ್ಕೆ ಬಂದ ಮೊದಲ ದಿನ ಹೇಗಿತ್ತು?" ಎಂದು ಕೇಳಿ ನೋಡಿ. ಕೇಳಿದ್ದನ್ನು ಉಳಿಸಿಡಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಮನೆಯ ಕತೆ ಓದಲು ನಾನಂತೂ ಕಾಯುತ್ತಿರುತ್ತೇನೆ. ಏನಂತೀರಿ?